ಮಣ್ಣಿನ ಬಯಕೆ, ಕಬ್ಬಿಣದ ಲೆಕ್ಕ

ಕಾಳಿದಾಸನ ‘ರಘುವಂಶ’ದ ಮೂರನೆಯ ಸರ್ಗದಲ್ಲಿ ದಿಲೀಪ ಮಹಾರಾಜನ ರಾಣಿ ಸುದಕ್ಷಿಣೆ ಗರ್ಭಿಣಿ. ಮೈಯಲ್ಲಿ ನಿತ್ರಾಣ, ಮುಖ ಬಿಳಿಚಿಕೊಂಡಿದೆ, ಮಣ್ಣು ತಿನ್ನುವ ಬಯಕೆ ಬೇರೆ. ಹುಟ್ಟಲಿರುವ ಮಗ ಭೂಮಿಯನ್ನೇ ಆಳುವವನಾದ್ದರಿಂದ ತಾಯಿಗೆ ಮೊದಲೇ ಮಣ್ಣಿನ ಮೇಲೆ ಆಸೆ ಹುಟ್ಟಿತು ಎಂದು ಕವಿ ಚಮತ್ಕಾರದ ಕಾರಣ ಕೊಡುತ್ತಾನೆ. ಇಂದಿನ ವೈದ್ಯರಾದರೆ ಈ ಮೂರು ಲಕ್ಷಣ ಕಂಡೊಡನೆ ಹಿಮೋಗ್ಲೋಬಿನ್ ಪರೀಕ್ಷೆಗೆ ಬರೆದುಕೊಡುತ್ತಾರೆ.

ಕೆಮ್ಮಣ್ಣು, ಇಟ್ಟಿಗೆ ಚೂರು, ಬಳಪ, ಹಸಿ ಅಕ್ಕಿ ತಿನ್ನುವ ಬಸುರಿಯರು ನಮ್ಮಲ್ಲೂ ಉಂಟು. ಮನೆಯವರು ‘ಬಯಕೆ’ ಎಂದು ನಕ್ಕು ಸುಮ್ಮನಾಗುತ್ತಾರೆ. ಆದರೆ ಈ ಆಸೆ ಎಷ್ಟೋ ಸಲ ಕಬ್ಬಿಣದ ಕೊರತೆಯ ಗುರುತು. ಕೆಂಪು ಮಣ್ಣಿನಲ್ಲಿ ಕಬ್ಬಿಣ ಇದೆಯಲ್ಲ ಎನ್ನಬಹುದು. ಇದೆ, ತುಕ್ಕಿನ ರೂಪದಲ್ಲಿ. ಅದು ಕರುಳಿಗೆ ದಕ್ಕುವುದಿಲ್ಲ. ಜೊತೆಗೆ ಜಂತುಹುಳುವಿನ ಮೊಟ್ಟೆಗಳು ಹೊಟ್ಟೆ ಸೇರುವ ಅಪಾಯವೂ ಇದೆ.

ಒಂದು ಬಸುರಿಗೆ ಬೇಕಾಗುವ ಕಬ್ಬಿಣ ಒಟ್ಟು ಸುಮಾರು 1000 ಮಿಲಿಗ್ರಾಂ, ಅಂದರೆ ಒಂದೇ ಗ್ರಾಂ. ಅದರಲ್ಲಿ ಸುಮಾರು 300 ಮಿಲಿಗ್ರಾಂ ಮಗು ಮತ್ತು ಮಾಸಿಗೆ, 450ರಷ್ಟು ತಾಯಿಯ ರಕ್ತ ಹೆಚ್ಚುವುದಕ್ಕೆ, ಉಳಿದದ್ದು ದಿನನಿತ್ಯದ ಸಣ್ಣ ನಷ್ಟಕ್ಕೆ. ಒಂದು ಗ್ರಾಂ ಏನು ಮಹಾ ಅನ್ನಿಸಬಹುದು. ಆದರೆ ಸಸ್ಯಾಹಾರದ ಕಬ್ಬಿಣದಲ್ಲಿ ಸಾಮಾನ್ಯವಾಗಿ ನೂರಕ್ಕೆ ಐದರಿಂದ ಹತ್ತು ಪಾಲು ಮಾತ್ರ ರಕ್ತ ಸೇರುತ್ತದೆ. ರಾಗಿ, ಗೋಧಿಗಳಲ್ಲಿರುವ ಫೈಟೇಟು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಊಟದ ಬೆನ್ನಿಗೇ ಕುಡಿದ ಕಾಫಿ, ಚಹಾ ಮತ್ತಷ್ಟು ತಡೆಯುತ್ತವೆ. ಬಸುರಿನಲ್ಲಿ ಕರುಳು ತಾನಾಗಿಯೇ ಹೆಚ್ಚು ಹೀರಲು ಕಲಿಯುತ್ತದೆ ನಿಜ, ಆದರೂ ಖಾಲಿ ಖಜಾನೆಯೊಂದಿಗೆ ಗರ್ಭ ಧರಿಸಿದವಳಿಗೆ ಅದು ಸಾಲದು. ಇನ್ನು ಬೀಟ್‌ರೂಟಿನ ಮಾತು. ಅದರ ಕೆಂಪು ಗಿಡದ ಬಣ್ಣವೇ ಹೊರತು ರಕ್ತದ ಕೆಂಪಲ್ಲ. 100 ಗ್ರಾಂ ಬೀಟ್‌ರೂಟಿನಲ್ಲಿ ಕಬ್ಬಿಣ ಒಂದು ಮಿಲಿಗ್ರಾಂನ ಆಸುಪಾಸು.

ಆದ್ದರಿಂದಲೇ ಮಾತ್ರೆ. ಗರ್ಭಿಣಿಯರಿಗೆ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆ ಹಂಚುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1970ರಲ್ಲಿ. 2018ರ ‘ಅನೀಮಿಯಾ ಮುಕ್ತ ಭಾರತ’ ಯೋಜನೆಯ ಪ್ರಕಾರ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ. ಕೆಂಪು ಮಾತ್ರೆಯೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಇಷ್ಟಾದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52.2ರಷ್ಟು ಮಂದಿಗೆ ರಕ್ತಹೀನತೆ. ಅದೇ ಸಮೀಕ್ಷೆಯ ಇನ್ನೊಂದು ಸಾಲನ್ನು ಜೊತೆಗಿಟ್ಟು ಓದಬೇಕು: 180 ದಿನವೂ ಮಾತ್ರೆ ನುಂಗಿದವರು ಶೇ. 26 ಮಾತ್ರ.

ಉಳಿದವರು ಬಿಟ್ಟದ್ದೇಕೆ? ಹೊಟ್ಟೆ ತೊಳಸುತ್ತದೆ, ಮಲಬದ್ಧತೆ, ಮಲ ಕಪ್ಪಾಗುತ್ತದೆ ಎಂಬ ದೂರುಗಳು ಸುಳ್ಳಲ್ಲ. ಮಲ ಕಪ್ಪಾಗುವುದು ರಕ್ತ ಸೇರದೆ ಉಳಿದ ಕಬ್ಬಿಣದಿಂದ, ಅದಕ್ಕೆ ಹೆದರಬೇಕಿಲ್ಲ. ವಾಕರಿಕೆಯಿದ್ದರೆ ರಾತ್ರಿ ಊಟವಾದ ಮೇಲೆ ನುಂಗಿದರಾಯಿತು. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ, ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಹಿರಿಯರ ಮಾತು ಮಾತ್ರ ನಿರಾಧಾರ. ಚರ್ಮದ ಬಣ್ಣ ತಂದೆತಾಯಿಯ ವಂಶವಾಹಿಗಳಿಂದ ಬರುತ್ತದೆ, ಮಾತ್ರೆಯಿಂದಲ್ಲ. ಯಾರೂ ಹೇಳದ ಒಂದು ತಪ್ಪು ಬೇರೆಯೇ ಇದೆ. ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಮಾತ್ರೆಯನ್ನೂ ಕೊಡುತ್ತಾರೆ. ಮರೆಯಬಾರದೆಂದು ಎರಡನ್ನೂ ಒಟ್ಟಿಗೆ ನುಂಗಿದರೆ ಕ್ಯಾಲ್ಸಿಯಂ ಕಬ್ಬಿಣದ ದಾರಿಗೆ ಅಡ್ಡ ಬರುತ್ತದೆ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಲಿ. ನಿಂಬೆಹಣ್ಣು, ನೆಲ್ಲಿಕಾಯಿ ಜೊತೆಗಿದ್ದರೆ ಒಳ್ಳೆಯದೇ.

ಹಿಮೋಗ್ಲೋಬಿನ್ ಪ್ರತಿ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಏಳರಿಂದ ಹನ್ನೊಂದರ ನಡುವಿನವರಿಗೆ ದಿನಕ್ಕೆ ಎರಡು ಮಾತ್ರೆ, ವೈದ್ಯರ ಸಲಹೆಯಂತೆ. ಒಂದು ತಿಂಗಳಲ್ಲಿ ಒಂದು ಗ್ರಾಮಾದರೂ ಏರಬೇಕು. ನಿಜವಾಗಿ ನುಂಗಿಯೂ ಏರದಿದ್ದರೆ ಕೊಕ್ಕೆಹುಳು, ಬಿ12 ಕೊರತೆ, ಥಲಸ್ಸೇಮಿಯಾ ಮುಂತಾದ ಬೇರೆ ಕಾರಣ ಹುಡುಕಬೇಕಾಗುತ್ತದೆ. ಏಳಕ್ಕಿಂತ ಕೆಳಗಿಳಿದವರಿಗೆ ಮಾತ್ರೆಯ ಮಾತಿಲ್ಲ. ದೊಡ್ಡಾಸ್ಪತ್ರೆಯಲ್ಲಿ ನರದ ಮೂಲಕ ಕಬ್ಬಿಣ ಕೊಡುತ್ತಾರೆ. ಐದಕ್ಕೂ ಇಳಿದರೆ ರಕ್ತವನ್ನೇ ಕೊಡಬೇಕಾಗುತ್ತದೆ. ಒಂದೇ ಸಲ ನರಕ್ಕೆ ಕೊಡುವ ಕಬ್ಬಿಣವನ್ನು ಮಾತ್ರೆಯೊಂದಿಗೆ ಹೋಲಿಸಿ ನೋಡುವ ಅಧ್ಯಯನವೊಂದು 2021ರಲ್ಲಿ ಕರ್ನಾಟಕ ಮತ್ತು ರಾಜಸ್ಥಾನಗಳಲ್ಲಿ ಆರಂಭವಾಗಿ, 4,000ಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡಿತು.

ಇಷ್ಟೆಲ್ಲ ಏಕೆಂದರೆ ಹೆರಿಗೆಯ ಹೊತ್ತಿಗೆ ಲೆಕ್ಕ ತೀರಿಸಬೇಕಾಗುತ್ತದೆ. ಸಹಜ ಹೆರಿಗೆಯಲ್ಲೂ ಅರ್ಧ ಲೀಟರಿನವರೆಗೆ ರಕ್ತ ಹೋಗಬಹುದು. ಹನ್ನೊಂದು ಗ್ರಾಂ ಉಳ್ಳವಳು ಅದನ್ನು ತಡೆದುಕೊಳ್ಳುತ್ತಾಳೆ. ಆರು ಗ್ರಾಂ ಉಳ್ಳವಳಿಗೆ ಅದೇ ನಷ್ಟ ಪ್ರಾಣಕ್ಕೆ ಬರಬಹುದು. ಕಡಿಮೆ ತೂಕದ ಮಗು, ಅವಧಿಗೆ ಮುನ್ನ ಹೆರಿಗೆ ಇವೂ ರಕ್ತಹೀನ ತಾಯಂದಿರಲ್ಲೇ ಹೆಚ್ಚು.

ಹೆರಿಗೆಯ ನಂತರದ 180 ಮಾತ್ರೆ ತೊಟ್ಟಿಲಿನ ಗಡಿಬಿಡಿಯಲ್ಲಿ ಮರೆತೇಹೋಗುತ್ತದೆ. ಸೊಪ್ಪು ‘ಶೀತ’ ಎಂದು ಬಾಣಂತಿಗೆ ಕೊಡದ ಮನೆಗಳೂ ಇವೆ. ಮಾತ್ರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿಯೇ ಸಿಗುತ್ತದೆ. ಮನೆಗೆ ತಂದದ್ದನ್ನು ಎತ್ತರದ ಗೂಡಿನಲ್ಲಿಡಬೇಕು. ಸಕ್ಕರೆ ಲೇಪಿಸಿದ ಆ ಕೆಂಪು ಮಾತ್ರೆ ಮಕ್ಕಳ ಕಣ್ಣಿಗೆ ಮಿಠಾಯಿ. ಪುಟ್ಟ ಮಗುವೊಂದು ಹಿಡಿಯಷ್ಟು ನುಂಗಿದರೆ ಅದು ವಿಷ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು.