ಹುಲ್ಲುಹಾಸಿನ ಪುನರುಜ್ಜೀವನ

ಹುಲ್ಲುಹಾಸಿನ ಪುನರುಜ್ಜೀವನ ಎಂದರೆ ಸೊರಗಿದ, ಅಲ್ಲಲ್ಲಿ ಸತ್ತು ಬೋಳಾದ ಅಥವಾ ಕಳೆ ತುಂಬಿದ ಮನೆಯಂಗಳದ ಹುಲ್ಲುಹಾಸಿನ ನೆಲವನ್ನು ಹದಗೊಳಿಸಿ, ಹೊಸದಾಗಿ ಬೀಜ ಬಿತ್ತಿ ಮತ್ತೆ ಹಸುರಾಗಿಸುವ ಕ್ರಮ. ಆಡುಮಾತಿನಲ್ಲಿ ಹುಲ್ಲುಹಾಸನ್ನು 'ಲಾನ್' ಎಂದೇ ಕರೆಯುವುದು ರೂಢಿ. ಶೀತ ದೇಶಗಳಲ್ಲಿ ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುವ ಹುಲ್ಲುಗಳಲ್ಲಿ ಕೆಂಟಕಿ ಬ್ಲೂಗ್ರಾಸ್ ಮುಖ್ಯವಾದುದು. ಕರ್ನಾಟಕದ ಬಯಲುಸೀಮೆಯಲ್ಲಿ ಅದೇ ಸ್ಥಾನ ಗರಿಕೆಗೆ ಸಲ್ಲುತ್ತದೆ. ಎರಡಕ್ಕೂ ನೆಲ ಸಿದ್ಧಪಡಿಸುವ ರೀತಿ ಬಹುಮಟ್ಟಿಗೆ ಒಂದೇ ಆದರೂ ಬಿತ್ತುವ ಕಾಲ, ಬೇಕಾಗುವ ಉಷ್ಣತೆ ಮತ್ತು ನೀರಿನ ಅಗತ್ಯ ಬೇರೆ ಬೇರೆ. ಆದುದರಿಂದ ಊರಿನ ಹವೆಗೆ ಹೊಂದುವ ಹುಲ್ಲನ್ನು ಆರಿಸಿಕೊಳ್ಳುವುದೇ ಪುನರುಜ್ಜೀವನದ ಮೊದಲ ಹೆಜ್ಜೆಯಾಗಿದೆ.

ಹುಲ್ಲಿನ ಎರಡು ವರ್ಗಗಳು

ಹುಲ್ಲುಹಾಸಿಗೆ ಬಳಸುವ ಹುಲ್ಲುಗಳನ್ನು ಶೀತಕಾಲದ ಹುಲ್ಲು ಮತ್ತು ಉಷ್ಣಕಾಲದ ಹುಲ್ಲು ಎಂದು ಎರಡು ವರ್ಗಗಳಾಗಿ ವಿಂಗಡಿಸಲಾಗುತ್ತದೆ. ಕೆಂಟಕಿ ಬ್ಲೂಗ್ರಾಸ್, ರೈ ಹುಲ್ಲು ಮತ್ತು ಫೆಸ್ಕ್ಯೂ ಮೊದಲನೆಯ ವರ್ಗಕ್ಕೆ ಸೇರುತ್ತವೆ. ಗರಿಕೆ, ಜೋಯ್ಸಿಯಾ ಮತ್ತು ಬಫಲೋ ಹುಲ್ಲು ಎರಡನೆಯ ವರ್ಗಕ್ಕೆ ಸೇರುತ್ತವೆ.

ಈ ವ್ಯತ್ಯಾಸದ ಮೂಲ ದ್ಯುತಿಸಂಶ್ಲೇಷಣೆಯ ಕ್ರಮದಲ್ಲಿದೆ. ಶೀತಕಾಲದ ಹುಲ್ಲುಗಳು 'ಸಿ3' ಎಂಬ ಮಾರ್ಗವನ್ನು ಅನುಸರಿಸುತ್ತವೆ. ಬಿಸಿಲು ಏರಿದಂತೆ ಅವು ತಾವು ಸಂಗ್ರಹಿಸಿದ ಇಂಗಾಲದ ಒಂದು ಭಾಗವನ್ನು ಮತ್ತೆ ಕಳೆದುಕೊಳ್ಳುತ್ತವೆ. ಉಷ್ಣಕಾಲದ ಹುಲ್ಲುಗಳ 'ಸಿ4' ಮಾರ್ಗದಲ್ಲಿ ಈ ನಷ್ಟ ತೀರ ಕಡಿಮೆ. ಅವು ಅದೇ ಪ್ರಮಾಣದ ನೀರಿನಲ್ಲಿ ಹೆಚ್ಚು ಬೆಳೆಯಬಲ್ಲವು. ಕೆಂಟಕಿ ಬ್ಲೂಗ್ರಾಸಿನ ಎಲೆಗಳು ಸುಮಾರು 15ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಚೆನ್ನಾಗಿ ಬೆಳೆಯುತ್ತವೆ. ಗರಿಕೆಗೆ ಹಿತವಾದ ಉಷ್ಣತೆ 27ರಿಂದ 35 ಡಿಗ್ರಿ.

ಕೆಂಟಕಿ ಬ್ಲೂಗ್ರಾಸ್

ಕೆಂಟಕಿ ಬ್ಲೂಗ್ರಾಸಿನ ವೈಜ್ಞಾನಿಕ ಹೆಸರು ಪೋಆ ಪ್ರಟೆನ್ಸಿಸ್. ಲಿನ್ನೇಯಸ್ 1753ರಲ್ಲಿ ಈ ಹೆಸರನ್ನು ನೀಡಿದನು. ಇದು ಬಹುವಾರ್ಷಿಕ ಹುಲ್ಲು. ಹೆಸರಿನಲ್ಲಿ ಅಮೆರಿಕದ ಕೆಂಟಕಿ ರಾಜ್ಯವಿದ್ದರೂ ಇದರ ಮೂಲ ನೆಲೆ ಯೂರೋಪು ಮತ್ತು ಏಷ್ಯಾದ ಶೀತ ಪ್ರದೇಶಗಳು. ವಲಸೆ ಹೋದ ಯೂರೋಪಿಯನ್ನರೊಡನೆ ಇದು ಅಮೆರಿಕ ಸೇರಿತು. ಭಾರತದಲ್ಲಿ ಕಾಶ್ಮೀರವೇ ಮೊದಲಾದ ಹಿಮಾಲಯದ ತಂಪು ಪ್ರದೇಶಗಳಲ್ಲಿ ಬೆಳೆಯುತ್ತದೆ. ಕತ್ತರಿಸದೆ ಬಿಟ್ಟಾಗ ಮೂಡುವ ತೆನೆಗಳ ನಸುನೀಲಿ ಛಾಯೆಯಿಂದ 'ಬ್ಲೂಗ್ರಾಸ್' ಎಂಬ ಹೆಸರು ಬಂದಿದೆ. ಎಲೆಗಳ ಬಣ್ಣ ಗಾಢ ಹಸುರು. ಎಲೆಯ ತುದಿ ದೋಣಿಯ ಮೂತಿಯಂತೆ ಮಡಚಿರುವುದು ಇದನ್ನು ಗುರುತಿಸುವ ಸುಲಭ ಲಕ್ಷಣ.

ಈ ಹುಲ್ಲಿನ ದೊಡ್ಡ ಗುಣವೆಂದರೆ ನೆಲದೊಳಗೆ ಅಡ್ಡಲಾಗಿ ಹಬ್ಬುವ ಗುಪ್ತಕಾಂಡ. ಅಂಗಳದ ಒಂದು ಭಾಗ ಬೋಳಾದರೆ ಸುತ್ತಲಿನ ಹುಲ್ಲು ಕ್ರಮೇಣ ಅಲ್ಲಿಗೆ ಹಬ್ಬಿ ಮುಚ್ಚಿಕೊಳ್ಳುತ್ತದೆ. ಇದರ ಬೀಜಗಳಲ್ಲಿ ಬಹುಪಾಲು ಪರಾಗದ ಕೂಡುವಿಕೆಯಿಲ್ಲದೆ ರೂಪುಗೊಳ್ಳುವುದರಿಂದ ಮೊಳೆತ ಸಸಿಗಳು ತಾಯಿಗಿಡವನ್ನೇ ಹೋಲುತ್ತವೆ. ಆದ್ದರಿಂದ ಬೀಜದಿಂದ ಬೆಳೆದರೂ ಹಾಸು ಒಂದೇ ಬಗೆಯಾಗಿ ಕಾಣುತ್ತದೆ. 1936ರಲ್ಲಿ ಪೆನ್ಸಿಲ್ವೇನಿಯಾದ ಮೆರಿಯನ್ ಗಾಲ್ಫ್ ಕ್ಲಬ್ಬಿನ ನೆಲದಲ್ಲಿ ಕಂಡುಬಂದ ಹುಲ್ಲಿನಿಂದ ಬೆಳೆಸಿದ 'ಮೆರಿಯನ್' ಇದರ ಪ್ರಸಿದ್ಧ ಆರಂಭಿಕ ತಳಿ. ನಿಧಾನವಾಗಿ ಮೊಳೆಯುವುದು, ದಟ್ಟ ನೆರಳನ್ನು ಸಹಿಸದಿರುವುದು ಮತ್ತು ಲವಣಯುಕ್ತ ನೀರಿಗೆ ಬೇಗ ಸೊರಗುವುದು ಇದರ ಮುಖ್ಯ ಕೊರತೆಗಳು.

ಬ್ಲೂಗ್ರಾಸ್ ಬಿತ್ತನೆಯ ಕ್ರಮ

ಅಮೆರಿಕ ಮತ್ತು ಕೆನಡಾದ ಶೀತ ಪ್ರದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಈ ಹುಲ್ಲು ಸಾಮಾನ್ಯವಾಗಿ ಪರಿಚಿತ. ಅಲ್ಲಿ ಬಿತ್ತನೆಗೆ ಉತ್ತಮ ಕಾಲ ಆಗಸ್ಟ್ ನಡುಭಾಗದಿಂದ ಸೆಪ್ಟೆಂಬರ್ ನಡುಭಾಗದವರೆಗೆ. ನಮ್ಮ ಮಳೆ ನಕ್ಷತ್ರಗಳ ಲೆಕ್ಕದಲ್ಲಿ ಇದು ಮಖ ಮತ್ತು ಹುಬ್ಬ ಮಳೆಗಳ ಕಾಲ. ಆಗ ನೆಲ ಇನ್ನೂ ಬೆಚ್ಚಗಿದ್ದು ಗಾಳಿ ತಂಪಾಗುತ್ತಿರುತ್ತದೆ. ಬೇಸಗೆಯ ಕಳೆಗಳ ಜೋರೂ ಇಳಿಮುಖವಾಗಿರುತ್ತದೆ. ವಸಂತದಲ್ಲಿ ಬಿತ್ತಿದರೆ ಎಳೆಯ ಸಸಿಗಳು ಬೇರೂರುವ ಮೊದಲೇ ಬೇಸಗೆಯನ್ನು ಎದುರಿಸಬೇಕಾಗುತ್ತದೆ.

ಕೆಲಸದ ಹಂತಗಳು ಹೀಗಿವೆ.

1. ಹುಲ್ಲು ಕೆಟ್ಟ ಕಾರಣವನ್ನು ಮೊದಲು ಕಂಡುಕೊಳ್ಳಬೇಕು. ನೆರಳು, ತುಳಿತದಿಂದ ಗಟ್ಟಿಯಾದ ಮಣ್ಣು, ನೀರು ನಿಲ್ಲುವ ತಗ್ಗು, ಹುಳು ಅಥವಾ ಶಿಲೀಂಧ್ರ ಕಾರಣವಾಗಿರಬಹುದು. ಕಾರಣ ಉಳಿದರೆ ಹೊಸ ಹುಲ್ಲೂ ಅದೇ ರೀತಿ ಸಾಯುತ್ತದೆ.

2. ಮಣ್ಣಿನ ಪರೀಕ್ಷೆ ಮಾಡಿಸಬೇಕು. ರಸಸಾರ 6ರಿಂದ 7ರ ನಡುವೆ ಇರುವುದು ಹಿತ. ಸುಣ್ಣ, ರಂಜಕ ಮೊದಲಾದುವನ್ನು ಪರೀಕ್ಷೆಯ ಫಲಿತಾಂಶ ನೋಡಿಯೇ ಸೇರಿಸಬೇಕು.

3. ಕಳೆಗಳನ್ನು ತೆಗೆಯಬೇಕು. ಕಳೆನಾಶಕ ಬಳಸಿದ್ದರೆ ಅದರ ಚೀಟಿಯಲ್ಲಿ ಹೇಳಿದಷ್ಟು ದಿನ ಕಾದು ಬಿತ್ತಬೇಕು. ಕಳೆಬೀಜ ಮೊಳೆಯದಂತೆ ತಡೆಯುವ ಔಷಧಿಗಳಲ್ಲಿ ಹೆಚ್ಚಿನವು ಹುಲ್ಲಿನ ಬೀಜವನ್ನೂ ಮೊಳೆಯಗೊಡುವುದಿಲ್ಲ.

4. ಹಳೆಯ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ, ಬುಡದಲ್ಲಿ ಶೇಖರವಾದ ಒಣ ಪದರ 1 ಸೆಂ.ಮೀ.ಗಿಂತ ದಪ್ಪವಿದ್ದರೆ ಕೆರೆದು ತೆಗೆಯಬೇಕು. ಗಟ್ಟಿ ನೆಲಕ್ಕೆ ತೂತು ಹೊಡೆದು ಗಾಳಿಯಾಡುವಂತೆ ಮಾಡಬೇಕು. ಬೀಜ ಮಣ್ಣಿಗೆ ತಾಗದೆ ಹಳೆಯ ಹುಲ್ಲಿನ ಮೇಲೆ ಉಳಿಯುವುದೇ ಅನೇಕ ಬಿತ್ತನೆಗಳು ವಿಫಲವಾಗಲು ಕಾರಣ.

5. ಬೋಳು ನೆಲಕ್ಕೆ ಚದರ ಮೀಟರಿಗೆ 10ರಿಂದ 15 ಗ್ರಾಂ ಬೀಜ ಸಾಕು. ಬೀಜವನ್ನು ಎರಡು ಪಾಲು ಮಾಡಿ, ಒಂದನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಚೆಲ್ಲಿದರೆ ಸಮವಾಗಿ ಬೀಳುತ್ತದೆ. ಅನಂತರ ಬೀಜ ಅರ್ಧ ಸೆಂ.ಮೀ.ಗಿಂತ ಆಳಕ್ಕೆ ಇಳಿಯದಂತೆ ಹಗುರವಾಗಿ ಕೆದಕಿ, ಮೆಲ್ಲಗೆ ಒತ್ತಬೇಕು.

6. ಮೊಳೆಯುವವರೆಗೆ ಮೇಲ್ಮಣ್ಣು ಒಣಗಬಾರದು. ದಿನಕ್ಕೆ ಎರಡು ಮೂರು ಬಾರಿ ತೆಳುವಾಗಿ ನೀರು ಚಿಮುಕಿಸಬೇಕು. ಬೀಜ ಮೊಳೆಯಲು 14ರಿಂದ 30 ದಿನ ಹಿಡಿಯುತ್ತದೆ. ಹತ್ತು ದಿನವಾದರೂ ಹಸುರು ಕಾಣದೆಂದು ನೀರು ನಿಲ್ಲಿಸಿದರೆ ಒಳಗೆ ಉಬ್ಬಿದ ಬೀಜ ಸಾಯುತ್ತದೆ.

7. ಹುಲ್ಲು 8ರಿಂದ 9 ಸೆಂ.ಮೀ. ಎತ್ತರವಾದಾಗ ಹರಿತವಾದ ಅಲಗಿನಿಂದ ಮೊದಲ ಕಟಾವು ಮಾಡಬಹುದು. ಯಾವ ಕಟಾವಿನಲ್ಲೂ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಬೇರು ಬಲಿತ ಮೇಲೆ ನೀರನ್ನು ಅಪರೂಪಕ್ಕೆ, ಆದರೆ ಆಳವಾಗಿ ಕೊಡಬೇಕು.

ನೆಲವನ್ನು ಬೇಗ ಮುಚ್ಚಲು ವಾರದೊಳಗೆ ಮೊಳೆಯುವ ಬಹುವಾರ್ಷಿಕ ರೈ ಹುಲ್ಲಿನ ಬೀಜವನ್ನು ಸ್ವಲ್ಪ ಬೆರೆಸುವುದುಂಟು. ಅದರ ಪ್ರಮಾಣ ಹೆಚ್ಚಾದರೆ ಬ್ಲೂಗ್ರಾಸಿನ ಎಳೆಯ ಸಸಿಗಳು ಹಿಂದೆ ಬೀಳುತ್ತವೆ. ಗುಪ್ತಕಾಂಡಗಳು ಹಬ್ಬಿ ಹಾಸು ಹೆಣೆದುಕೊಳ್ಳಲು ಒಂದು ವರ್ಷವಾದರೂ ಬೇಕು. ಬೇಸಗೆಯಲ್ಲಿ ನೀರು ಕಡಿಮೆಯಾದಾಗ ಬಲಿತ ಬ್ಲೂಗ್ರಾಸ್ ಕಂದುಬಣ್ಣಕ್ಕೆ ತಿರುಗಿ ಸುಪ್ತವಾಗುತ್ತದೆ. ಹವೆ ತಂಪಾಗಿ ಮಳೆ ಬಂದಾಗ ಮತ್ತೆ ಚಿಗುರುತ್ತದೆ. ಇದನ್ನು ಸತ್ತ ಹುಲ್ಲೆಂದು ಭಾವಿಸಿ ಕಿತ್ತುಹಾಕಬಾರದು.

ಅರಸೀಕೆರೆ ಸೀಮೆಯ ಸ್ಥಿತಿ

ಹಾಸನ ಜಿಲ್ಲೆಯ ಅರಸೀಕೆರೆ ತಾಲ್ಲೂಕು, ಅದರೊಳಗಿನ ಕಣಕಟ್ಟೆ ಹೋಬಳಿಯೂ ಸೇರಿದಂತೆ, ರಾಜ್ಯದ ಕೃಷಿ ಹವಾಮಾನ ವಿಂಗಡಣೆಯಲ್ಲಿ ಮಧ್ಯ ಒಣವಲಯಕ್ಕೆ ಸೇರುತ್ತದೆ. ಈ ವಲಯದ ವಾರ್ಷಿಕ ಮಳೆ ಸುಮಾರು 450ರಿಂದ 720 ಮಿ.ಮೀ. ಮಾತ್ರ. ರಾಗಿ ಮತ್ತು ತೆಂಗು ಇಲ್ಲಿನ ಮುಖ್ಯ ಬೆಳೆಗಳು. ಬೇಸಗೆಯ ಹಗಲಿನ ಉಷ್ಣತೆ 35 ಡಿಗ್ರಿಯ ಆಸುಪಾಸು ಮುಟ್ಟುತ್ತದೆ. ಇಂಥ ಹವೆಯಲ್ಲಿ ಕೆಂಟಕಿ ಬ್ಲೂಗ್ರಾಸನ್ನು ಕಾರ್ತಿಕ ಮಾಸದ ತಂಪಿನಲ್ಲಿ ಬಿತ್ತಿದರೆ ಮೊಳೆಯಬಹುದು. ಆದರೆ ಯುಗಾದಿಯ ಹೊತ್ತಿಗೆ ಬಿಸಿಲು ಬಲಿತು ಹುಲ್ಲು ಸೊರಗತೊಡಗುತ್ತದೆ. ಶೀತದೇಶದಲ್ಲಿ ಬೇಸಗೆಯ ನಂತರ ದೀರ್ಘವಾದ ಚಳಿಗಾಲವಿದ್ದು ಹುಲ್ಲಿಗೆ ಚೇತರಿಸಿಕೊಳ್ಳಲು ಅವಕಾಶವಿರುತ್ತದೆ. ಇಲ್ಲಿ ಆ ಅವಕಾಶವಿಲ್ಲ. ಕೊಳವೆಬಾವಿಯ ನೀರಿನ ಲವಣಾಂಶವೂ ಅದಕ್ಕೆ ಪ್ರತಿಕೂಲ.

ವಿದೇಶದಲ್ಲಿರುವ ಬಂಧುಗಳಿಂದ ಬೀಜದ ಪೊಟ್ಟಣ ತರಿಸಿಕೊಳ್ಳುವ ಮೊದಲು ಕಾನೂನನ್ನೂ ಗಮನಿಸಬೇಕು. ಭಾರತದ 2003ರ ಸಸ್ಯ ಸಂಗರೋಧ ಆದೇಶದಂತೆ ಬಿತ್ತನೆ ಬೀಜವನ್ನು ಹೊರದೇಶದಿಂದ ತರಲು ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಅಗತ್ಯ. ಇಂದು ಹೊಲಗಳನ್ನು ಆವರಿಸಿರುವ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಆಮದಾದ ಆಹಾರಧಾನ್ಯದೊಡನೆ ಹರಡಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಹೊರಗಿನಿಂದ ಬರುವ ಬೀಜದ ಬಗೆಗಿನ ಎಚ್ಚರಿಕೆಗೆ ಇಂಥ ಅನುಭವವೇ ಹಿನ್ನೆಲೆ.

ಇದೇ ಜಿಲ್ಲೆಯ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಸುತ್ತಲಿನ ಹುಲ್ಲುಹಾಸು ಪ್ರವಾಸಿಗರಿಗೆ ಸುಪರಿಚಿತ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ದೇವಾಲಯ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿದೆ. ಅಂಥ ವಿಶಾಲ ಹಸುರನ್ನು ಕಂಡು ಮನೆಯ ಮುಂದೆಯೂ ಹಾಗೆಯೇ ಬೇಕೆನ್ನಿಸುವುದು ಸಹಜ. ಆದರೆ ಸಾರ್ವಜನಿಕ ಸ್ಮಾರಕದ ನಿರ್ವಹಣೆಗೆ ದೊರೆಯುವ ಆಳು ಮತ್ತು ನೀರು ಮನೆಯಂಗಳಕ್ಕೆ ದೊರೆಯುವುದಿಲ್ಲ.

ಗರಿಕೆಯಿಂದ ಪುನರುಜ್ಜೀವನ

ಗರಿಕೆಯ ವೈಜ್ಞಾನಿಕ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್, ಸಂಸ್ಕೃತದಲ್ಲಿ ದೂರ್ವೆ. ಗಣೇಶನ ಪೂಜೆಗೆ ಇದು ಅವಶ್ಯಕ. ರಾಗಿ ಹೊಲದಲ್ಲಿ ರೈತನಿಗೆ ತೊಡಕಾಗುವ ಈ ಕಳೆ ಅಂಗಳದಲ್ಲಿ ಉಪಕಾರಿಯಾಗುತ್ತದೆ. ಎರಡು ಕಡೆಯೂ ಕಾರಣ ಒಂದೇ: ಇದು ನೆಲದ ಮೇಲೆಯೂ ಒಳಗೆಯೂ ಕಾಂಡ ಚಾಚಿ ಹಬ್ಬುತ್ತದೆ, ಒಣಗಿದರೂ ಗೆಣ್ಣಿನಿಂದ ಮತ್ತೆ ಚಿಗುರುತ್ತದೆ.

ಬಿತ್ತನೆಗೆ ಸೂಕ್ತ ಕಾಲ ಜೂನ್ ಮತ್ತು ಜುಲೈ, ಅಂದರೆ ಮೃಗಶಿರ, ಆರಿದ್ರ ಮತ್ತು ಪುನರ್ವಸು ಮಳೆಗಳ ಕಾಲ. ಮೊದಲ ಮಳೆಗೆ ಮೊಳೆತ ಜೇಕು ಮತ್ತು ಕಾಂಗ್ರೆಸ್ ಗಿಡವನ್ನು ಗೆಡ್ಡೆ, ಬೇರು ಸಹಿತ ಕಿತ್ತು, ಎರಡನೆಯ ಹದಕ್ಕೆ ಬಿತ್ತುವುದು ಉತ್ತಮ. ಕೆಮ್ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಜರಡಿ ಹಿಡಿದು ಬೆರೆಸಬೇಕು; ಹಸಿ ಗೊಬ್ಬರದಲ್ಲಿ ಕಳೆಬೀಜ ಉಳಿದಿರುತ್ತದೆ. ಚದರ ಮೀಟರಿಗೆ 5ರಿಂದ 10 ಗ್ರಾಂ ಬೀಜವನ್ನು ಒಣ ಮರಳಿನೊಂದಿಗೆ ಬೆರೆಸಿ ಚೆಲ್ಲಬೇಕು. ನೆಲ ಬೆಚ್ಚಗಿದ್ದರೆ ಒಂದರಿಂದ ಮೂರು ವಾರಗಳಲ್ಲಿ ಮೊಳೆಯುತ್ತದೆ.

ಬೀಜ ದೊರೆಯದಿದ್ದರೆ ಬೇರು ಸಹಿತ ತುಂಡುಗಳನ್ನು 8ರಿಂದ 10 ಸೆಂ.ಮೀ. ಅಂತರದಲ್ಲಿ ಊರಬಹುದು. ಸಣ್ಣಗೆ ಕತ್ತರಿಸಿದ ಗರಿಕೆಯನ್ನು ಸಗಣಿ ಮತ್ತು ಮಣ್ಣಿನ ಬಗ್ಗಡದೊಂದಿಗೆ ಕಲಸಿ ನೆಲಕ್ಕೆ ಬಳಿಯುವ ಪದ್ಧತಿಯೂ ಇದೆ. ಗಾಲ್ಫ್ ಮೈದಾನಗಳ ಸಂಕರ ಗರಿಕೆ ತಳಿಗಳಲ್ಲಿ ಅನೇಕವು ಬೀಜ ಕಟ್ಟುವುದಿಲ್ಲ; ಅವುಗಳಿಗೆ ತುಂಡು ಊರುವುದೇ ಮಾರ್ಗ. ಗರಿಕೆಗೆ ಪೂರ್ಣ ಬಿಸಿಲು ಬೇಕು. ಮಾವು, ಹಲಸಿನ ದಟ್ಟ ನೆರಳಿನಲ್ಲಿ ಅದು ನಿಲ್ಲದು. ಔಷಧಿ ಸಿಂಪಡಿಸದ ಹಾಸಿನಿಂದ ಕತ್ತರಿಸಿದ ಹುಲ್ಲು ದನಕರುಗಳಿಗೆ ಮೇವಾಗುತ್ತದೆ.

ನೀರಿನ ಲೆಕ್ಕ

ಒಂದು ಚದರ ಮೀಟರ್ ನೆಲಕ್ಕೆ 1 ಮಿ.ಮೀ. ನೀರು ಎಂದರೆ 1 ಲೀಟರ್. ಬೇಸಗೆಯಲ್ಲಿ ದಿನಕ್ಕೆ 5 ಮಿ.ಮೀ.ಯಂತೆ ನೀರುಣಿಸಿದರೆ 100 ಚದರ ಮೀಟರ್ ಹಾಸಿಗೆ ದಿನಕ್ಕೆ 500 ಲೀಟರ್, ತಿಂಗಳಿಗೆ 15,000 ಲೀಟರ್ ಬೇಕಾಗುತ್ತದೆ. ಫಲ ಬಿಡುವ ತೆಂಗಿನ ಮರಕ್ಕೆ ಬೇಸಗೆಯಲ್ಲಿ ನಾಲ್ಕು ದಿನಕ್ಕೊಮ್ಮೆ 200 ಲೀಟರ್ ನೀರು ಕೊಡಬೇಕೆಂಬುದು ವಾಡಿಕೆಯ ಶಿಫಾರಸು. ಆ ಪ್ರಕಾರ 100 ಚದರ ಮೀಟರ್ ಹಾಸಿನ ನೀರು ಹತ್ತು ತೆಂಗಿನ ಮರಗಳ ನೀರಿಗೆ ಸಮ. ಬರಗಾಲದಲ್ಲಿ ತೆಂಗಿನ ತೋಟಗಳೇ ಒಣಗಿದ್ದನ್ನು ಕಂಡ ಸೀಮೆಯಲ್ಲಿ ಈ ಲೆಕ್ಕ ಸಣ್ಣದಲ್ಲ.

ಆದುದರಿಂದ ಒಣವಲಯದಲ್ಲಿ ಹಾಸನ್ನು ಮಕ್ಕಳು ಆಡುವಷ್ಟು, ಹಿರಿಯರು ಸಂಜೆ ಕೂರುವಷ್ಟು ಜಾಗಕ್ಕೆ ಸೀಮಿತಗೊಳಿಸಿ, ಉಳಿದ ನೆಲಕ್ಕೆ ಕಡಿಮೆ ನೀರಿನ ಗಿಡಮರಗಳನ್ನು ಹಾಕುವುದು ಯುಕ್ತ. ಬೇರೂರಿದ ಗರಿಕೆಯನ್ನು ಬೇಸಗೆಯಲ್ಲಿ ಒಣಗಲು ಬಿಟ್ಟರೂ ಮುಂಗಾರಿಗೆ ಅದು ತಾನಾಗಿ ಹಸುರಾಗುತ್ತದೆ. ಮಣ್ಣು ಪರೀಕ್ಷೆ ಮತ್ತು ಸ್ಥಳೀಯ ಸಲಹೆಗಾಗಿ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಅಥವಾ ಹಾಸನದ ಬಳಿಯ ಕಂದಲಿಯಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.