ಸಾಫ್ಟ್‌ವೇರಿಗೂ ಒಂದು ದಿನವಹಿ ಇದೆ

ಸಾಫ್ಟ್‌ವೇರ್ ಎಂದರೆ ನಾವು ಬಳಸುವ ವಸ್ತು, ತಯಾರಿಸುವುದೇನಿದ್ದರೂ ಸೈನ್ಸಿನವರ ಕೆಲಸ ಎಂದು ನಮ್ಮ ಕಾಮರ್ಸ್ ತರಗತಿಯಲ್ಲಿ ಹಲವರು ತಿಳಿದಿದ್ದಾರೆ. ಆದರೆ ಅದು ತಯಾರಾಗುವ ಬಗೆ ಅಕೌಂಟೆನ್ಸಿ ಓದುವವರಿಗೆ ಬೇಗ ಅರ್ಥವಾಗುತ್ತದೆ ಎಂದು ನನಗೆ ಅನಿಸಿದೆ. ಹೇಗೆಂದು ಹೇಳುತ್ತೇನೆ.

ನಾವು ವ್ಯವಹಾರವನ್ನು ಮೊದಲು ದಿನವಹಿಯಲ್ಲಿ ಬರೆಯುತ್ತೇವೆ. ಅಲ್ಲಿಂದ ಅದು ಖಾತಾವಹಿಗೆ, ತಾಳೆಪಟ್ಟಿಗೆ, ಕೊನೆಗೆ ಅಢಾವೆ ಪತ್ರಿಕೆಗೆ ಹೋಗುತ್ತದೆ. ಬರೀ ಅಢಾವೆ ಪತ್ರಿಕೆಯನ್ನು ಕೈಗೆ ಕೊಟ್ಟು, ‘ಮಾರ್ಚ್ 12ರಂದು ಯಾರಿಗೆ ಸಾಲ ಕೊಟ್ಟಿರಿ?’ ಎಂದು ಕೇಳಿದರೆ ಯಾರೂ ಹೇಳಲಾರರು. ಸಾಫ್ಟ್‌ವೇರ್ ಕೂಡ ಹೀಗೆಯೇ. ಮನುಷ್ಯರು ಓದಿ ಬರೆಯುವ ಸೋರ್ಸ್ ಕೋಡ್ ಅದರ ದಿನವಹಿ. ಕಂಪ್ಯೂಟರಿನಲ್ಲಿ ಓಡುವ ಫೈಲ್ ಅದರ ಅಢಾವೆ ಪತ್ರಿಕೆ. ಅದರಲ್ಲಿ ಇರುವುದು ಪ್ರೊಸೆಸರಿಗೆ ಮಾತ್ರ ತಿಳಿಯುವ ಅಂಕಿಗಳು. ಮೊದಲನೆಯದನ್ನು ಎರಡನೆಯದಾಗಿ ಮಾಡುವ ಕೆಲಸಕ್ಕೆ ಕಂಪೈಲ್ ಮಾಡುವುದು ಎನ್ನುತ್ತಾರೆ. ಅದನ್ನು ಮಾಡುವ ಪ್ರೋಗ್ರಾಮಿಗೆ ಕಂಪೈಲರ್ ಎಂದು ಹೆಸರು.

ಅಂಗಡಿಯಲ್ಲಿ ಕೊಳ್ಳುವ ಹೆಚ್ಚಿನ ಸಾಫ್ಟ್‌ವೇರಿನಲ್ಲಿ ನಮಗೆ ಸಿಗುವುದು ಅಢಾವೆ ಪತ್ರಿಕೆ ಮಾತ್ರ. ಓಪನ್ ಸೋರ್ಸ್‌ನಲ್ಲಿ ದಿನವಹಿಯೂ ಸಿಗುತ್ತದೆ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನು ಯೋಜನೆ ಇದೇ ಉದ್ದೇಶದ್ದು. ಅದರ ಕಂಪೈಲರ್ ಆದ ಜಿಸಿಸಿ 1987ರಲ್ಲಿ ಹೊರಬಂತು. ಇದನ್ನು ಇಂಗ್ಲಿಷಿನಲ್ಲಿ ‘ಫ್ರೀ’ ಸಾಫ್ಟ್‌ವೇರ್ ಎನ್ನುವುದರಿಂದ ಪುಕ್ಕಟೆ ಎಂದೇ ಹಲವರು ತಿಳಿಯುತ್ತಾರೆ. ನಮ್ಮ ಮನೆಯ ಉರ್ದುವಿನಲ್ಲಿ ಈ ಗೊಂದಲವಿಲ್ಲ: ‘ಮುಫ್ತ್’ ಬೇರೆ, ‘ಆಜಾದ್’ ಬೇರೆ. ಕನ್ನಡದಲ್ಲೂ ಉಚಿತ ಬೇರೆ, ಸ್ವತಂತ್ರ ಬೇರೆ. ಇಲ್ಲಿ ಮುಖ್ಯವಾದದ್ದು ಸ್ವಾತಂತ್ರ್ಯ: ಬಳಸುವ, ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯ.

ಇದರಿಂದ ನಮಗೇನು ಲಾಭ? ಅಬ್ಬಾ ಅವರ ಅಂಗಡಿಯಲ್ಲಿ ಒಂದು ಹಳೆಯ ಬಿಲ್ಲಿಂಗ್ ಪ್ರೋಗ್ರಾಮ್ ಇತ್ತು. ಅದನ್ನು ಮಾಡಿಕೊಟ್ಟವರು ವ್ಯಾಪಾರ ನಿಲ್ಲಿಸಿದರು. ಕಂಪ್ಯೂಟರ್ ಕೆಟ್ಟು ಹೊಸದು ತಂದಾಗ ಆ ಪ್ರೋಗ್ರಾಮ್ ಅದರಲ್ಲಿ ಓಡಲೇ ಇಲ್ಲ. ಮೂರು ವರ್ಷದ ಉದ್ರಿ ಲೆಕ್ಕ ಫೈಲಿನೊಳಗೆ ಇದೆ, ಓದಲು ದಾರಿಯಿಲ್ಲ. ಕಾಗದದ ಪುಸ್ತಕದಲ್ಲಿ ಬರೆದಿದ್ದರೆ ಓದಬಹುದಿತ್ತು ಎಂದು ಅಮ್ಮಿ ಈಗಲೂ ಹೇಳುತ್ತಾರೆ. ಸೋರ್ಸ್ ಕೋಡ್ ಇದ್ದಿದ್ದರೆ, ತಿಳಿದವರು ಯಾರಾದರೂ ಅದನ್ನು ಹೊಸ ಕಂಪ್ಯೂಟರಿಗೆ ಹೊಂದಿಸಿಕೊಡಬಹುದಿತ್ತು.

ಹಾಗೆ ಹೊಂದಿಸುವುದಕ್ಕೆ ಪೋರ್ಟಿಂಗ್ ಎನ್ನುತ್ತಾರೆ. ಒಂದು ಕಡೆ ಓಡುವ ಪ್ರೋಗ್ರಾಮ್ ಇನ್ನೊಂದು ಕಡೆ ಯಾಕೆ ಓಡುವುದಿಲ್ಲ? ಮುಖ್ಯ ಕಾರಣ ಮೂರು. ಒಂದು, ಪ್ರೊಸೆಸರ್ ಬೇರೆ: ಸಾಮಾನ್ಯ ಪಿಸಿಯಲ್ಲಿ ಇಂಟೆಲ್ ಅಥವಾ ಎಎಂಡಿ, ಮೊಬೈಲಿನಲ್ಲಿ ಆರ್ಮ್. ಎರಡು, ಆಪರೇಟಿಂಗ್ ಸಿಸ್ಟಮ್ ಬೇರೆ: ಫೈಲ್ ತೆರೆಯಿರಿ ಎಂದು ಕೇಳುವ ರೀತಿ ಲಿನಕ್ಸ್‌ನಲ್ಲಿ ಒಂದು, ವಿಂಡೋಸ್‌ನಲ್ಲಿ ಇನ್ನೊಂದು. ಮೂರು, ಅಳತೆ ಬೇರೆ. ಸಿ ಭಾಷೆಯಲ್ಲಿ ‘ಲಾಂಗ್’ ಎಂಬ ಸಂಖ್ಯೆಗೆ 64 ಬಿಟ್ ಲಿನಕ್ಸ್‌ನಲ್ಲಿ 8 ಬೈಟ್ ಜಾಗ, 64 ಬಿಟ್ ವಿಂಡೋಸ್‌ನಲ್ಲಿ 4 ಬೈಟ್ ಮಾತ್ರ. 4 ಬೈಟ್‌ನಲ್ಲಿ ಹಿಡಿಯುವ ದೊಡ್ಡ ಸಂಖ್ಯೆ 2,14,74,83,647. ಹಣವನ್ನು ಪೈಸೆಯಲ್ಲಿ ಇಡುವ ಪ್ರೋಗ್ರಾಮ್ ಆದರೆ 2,14,74,836 ರೂಪಾಯಿ 47 ಪೈಸೆಗೆ ಜಾಗ ಮುಗಿಯಿತು! ಅದರ ಮೇಲೆ ಒಂದು ಪೈಸೆ ಸೇರಿದರೂ ಮೊತ್ತ ತಪ್ಪಾಗುತ್ತದೆ. ಇಂಥ ಸಾಲುಗಳನ್ನು ಹುಡುಕಿ, ಎಲ್ಲ ಕಡೆ 64 ಬಿಟ್ ಇರುವ ವಿಧಕ್ಕೆ ಬದಲಿಸಿ, ಮತ್ತೆ ಕಂಪೈಲ್ ಮಾಡುವುದೂ ಪೋರ್ಟಿಂಗ್ ಕೆಲಸವೇ.

ನಮ್ಮ ವಿಷಯಕ್ಕೇ ಹತ್ತಿರದ ಉದಾಹರಣೆ ಗ್ನುಕ್ಯಾಶ್. ಇದು ಜೋಡಿ ನಮೂದು ಪದ್ಧತಿಯ ಲೆಕ್ಕದ ತಂತ್ರಾಂಶ. ಲಿನಕ್ಸ್‌ನಲ್ಲೂ, ವಿಂಡೋಸ್‌ನಲ್ಲೂ, ಮ್ಯಾಕ್‌ನಲ್ಲೂ ಓಡುತ್ತದೆ. ಅದರ ವಿಂಡೋಸ್ ಆವೃತ್ತಿಯನ್ನು ಕಟ್ಟುವುದು ಮಿಂಗ್‌ಡಬ್ಲ್ಯು ಎಂಬ ಉಚಿತ ಸಾಧನದಿಂದ. ಅದು ಜಿಸಿಸಿಯನ್ನೇ ವಿಂಡೋಸಿಗೆ ಹೊಂದಿಸಿದ ರೂಪ. ಗ್ನುಕ್ಯಾಶ್ ತನ್ನ ಲೆಕ್ಕವನ್ನು ಸಾಮಾನ್ಯವಾಗಿ ಎಕ್ಸ್‌ಎಂಎಲ್ ಪಠ್ಯವಾಗಿ ಇಡುವುದರಿಂದ, ಪ್ರೋಗ್ರಾಮ್ ಇಲ್ಲದಿದ್ದರೂ ಆ ಫೈಲನ್ನು ಬಿಚ್ಚಿ ಓದಬಹುದು.

ಲ್ಯಾಪ್‌ಟಾಪ್ ಇಲ್ಲದವರೂ ಕಲಿಯಬಹುದು. ನಾನು ಕಲಿತದ್ದು ಆಂಡ್ರಾಯ್ಡ್ ಮೊಬೈಲಿನಲ್ಲೇ. ಟರ್ಮಕ್ಸ್ ಎಂಬ ಉಚಿತ ಆ್ಯಪ್ ಹಾಕಿಕೊಂಡು, ಅದರೊಳಗೆ ಕ್ಲಾಂಗ್ ಎಂಬ ಕಂಪೈಲರನ್ನೂ ಮೇಕ್ ಎಂಬ ಸಾಧನವನ್ನೂ ಸೇರಿಸಿಕೊಳ್ಳಬೇಕು. ಆಮೇಲೆ ಒಂದು ಚಿಕ್ಕ ಪ್ರೋಗ್ರಾಮಿನ ಸೋರ್ಸ್ ಇಳಿಸಿಕೊಂಡು ಬಿಚ್ಚಬೇಕು. ಗ್ನು ಯೋಜನೆಯ ‘ಹಲೋ’ ಇದಕ್ಕೆಂದೇ ಇರುವ ಮಾದರಿ. ಹೆಜ್ಜೆ ಮೂರೇ. ‘ಕಾನ್ಫಿಗರ್’ ನಮ್ಮ ಯಂತ್ರದಲ್ಲಿ ಏನಿದೆ, ಏನಿಲ್ಲ ಎಂದು ಪರೀಕ್ಷಿಸುತ್ತದೆ. ‘ಮೇಕ್’ ಒಂದೊಂದೇ ಫೈಲನ್ನು ಕಂಪೈಲ್ ಮಾಡಿ ಕೊನೆಗೆ ಎಲ್ಲವನ್ನೂ ಜೋಡಿಸುತ್ತದೆ. ‘ಮೇಕ್ ಇನ್‌ಸ್ಟಾಲ್’ ಅದನ್ನು ಅದರ ಜಾಗದಲ್ಲಿ ಇಡುತ್ತದೆ. ಆ ಜಾಗ ಯಾವುದೆಂದು ಕಾನ್ಫಿಗರ್ ಮಾಡುವಾಗಲೇ ಹೇಳಬೇಕು, ಏಕೆಂದರೆ ಲಿನಕ್ಸ್‌ನಲ್ಲಿ ಪ್ರೋಗ್ರಾಮುಗಳಿರುವ ಫೋಲ್ಡರುಗಳು ಆಂಡ್ರಾಯ್ಡ್‌ನಲ್ಲಿ ಹಾಗೆಯೇ ಇರುವುದಿಲ್ಲ. ಟರ್ಮಕ್ಸ್ ಅವುಗಳನ್ನು ತನ್ನದೇ ಜಾಗದಲ್ಲಿ ಇಟ್ಟುಕೊಳ್ಳುತ್ತದೆ. ಈ ಕೆಲಸವನ್ನೆಲ್ಲ ಟರ್ಮಕ್ಸ್‌ನ ಹೋಮ್ ಫೋಲ್ಡರಿನಲ್ಲೇ ಮಾಡಿ. ಫೋಟೊ, ಡೌನ್‌ಲೋಡ್ ಇರುವ ಸಂಗ್ರಹದಲ್ಲಿ ಪ್ರೋಗ್ರಾಮ್ ಓಡಿಸಲು ಆಂಡ್ರಾಯ್ಡ್ ಬಿಡುವುದಿಲ್ಲ.

ಪರದೆಯ ತುಂಬ ಎರರ್ ಬಂದರೆ ಹೆದರಬೇಡಿ. ಎಲ್ಲಕ್ಕಿಂತ ಮೊದಲು ಬಂದ ಎರರ್ ಯಾವುದೆಂದು ಮೇಲಕ್ಕೆ ಸರಿಸಿ ನೋಡಿ. ಖಾತಾವಹಿಯಲ್ಲಿ ಒಂದು ಅಂಕಿ ತಪ್ಪಿದರೆ ತಾಳೆಪಟ್ಟಿ ಇಡೀ ತಾಳೆಯಾಗುವುದಿಲ್ಲ ಅಲ್ಲವೇ? ಇಲ್ಲೂ ಮೊದಲ ತಪ್ಪನ್ನು ಸರಿಪಡಿಸಿದರೆ ಉಳಿದವು ಎಷ್ಟೋ ಸಲ ತಾವಾಗಿಯೇ ಹೋಗುತ್ತವೆ.