ವಾರ್ಡಿಗೆ ಮನೋವೈದ್ಯರು ಬಂದಾಗ

ಕಾಲು ಮುರಿದು ಜಿಲ್ಲಾ ಆಸ್ಪತ್ರೆಗೆ ಸೇರಿದ ಪತಿಯ ಹಾಸಿಗೆಯ ಬಳಿಗೆ ಮೂಳೆಯ ವೈದ್ಯರೊಡನೆ ಮನೋವೈದ್ಯರೂ ಬಂದರೆ ಮನೆಯವರಿಗೆ ಗಾಬರಿಯಾಗುವುದು ಸಹಜ. "ನಮ್ಮನೆಯವರಿಗೆ ಹುಚ್ಚೇನೂ ಹಿಡಿದಿಲ್ಲವಲ್ಲ ಸ್ವಾಮಿ?" ಎಂದು ಕೇಳಿದ ಗೃಹಿಣಿಯರನ್ನು ನಾನು ಅನೇಕ ಬಾರಿ ಕಂಡಿದ್ದೇನೆ. ಮನೋವೈದ್ಯರನ್ನು ಕರೆಸಿದವರು ಮೂಳೆಯ ವೈದ್ಯರೇ. ಶರೀರದ ಕಾಯಿಲೆಗೆಂದು ಬಂದ ರೋಗಿಯ ಮನಸ್ಸಿನಲ್ಲಿಯೂ ತೊಂದರೆ ಕಂಡುಬಂದರೆ, ಅವನನ್ನು ಬೇರೆಡೆಗೆ ಕಳುಹಿಸದೆ ಅಲ್ಲಿಯೇ ಇಬ್ಬರು ವೈದ್ಯರೂ ಕೂಡಿ ಚಿಕಿತ್ಸೆ ನಡೆಸುವ ಏರ್ಪಾಡಿದು. ಮಾನಸಿಕ ಚಿಕಿತ್ಸೆಯನ್ನು ಸಾಮಾನ್ಯ ಆರೋಗ್ಯ ಸೇವೆಯೊಡನೆ ಸೇರಿಸುವ ರಾಷ್ಟ್ರೀಯ ಕಾರ್ಯಕ್ರಮವು 1982ರಲ್ಲಿ ಆರಂಭವಾಯಿತು. ಜಿಲ್ಲಾ ಮಟ್ಟದಲ್ಲಿ ಅದನ್ನು ಮೊದಲು ನಡೆಸಿ ನೋಡಿದ್ದು ನಮ್ಮ ಬಳ್ಳಾರಿಯಲ್ಲಿ.

ಮೂಳೆ ಮುರಿದುದಕ್ಕೂ ಮನಸ್ಸಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಪ್ರತಿನಿತ್ಯ ಹೆಚ್ಚು ಮದ್ಯ ಸೇವಿಸುವವನು ಆಸ್ಪತ್ರೆ ಸೇರಿದೊಡನೆ ಕುಡಿತವು ತಟ್ಟನೆ ನಿಲ್ಲುತ್ತದೆ. ಮೊದಲ ದಿನವೇ ಕೈನಡುಕ, ಬೆವರು, ನಿದ್ರಾಹೀನತೆ ಕಾಣಿಸಿಕೊಳ್ಳಬಹುದು, ಫಿಟ್ಸೂ ಬರಬಹುದು. ಎರಡು ಮೂರು ದಿನಗಳ ಹೊತ್ತಿಗೆ ಕೆಲವರು ಹಗಲುರಾತ್ರಿಗಳ ಪರಿವೆಯಿಲ್ಲದೆ, ಇಲ್ಲದ ಹುಳುಗಳನ್ನು ಹಾಸಿಗೆಯಿಂದ ಕೊಡವುತ್ತ, ಕಟ್ಟು ಹಾಕಿದ ಕಾಲಿನಲ್ಲಿಯೇ ಎದ್ದು ಓಡತೊಡಗುತ್ತಾರೆ. ಗಾಳಿ ಸೋಕಿತೆಂದು ಭಾವಿಸಿ ರೋಗಿಯನ್ನು ಮನೆಗೆ ಕರೆದೊಯ್ಯುವವರುಂಟು. ಇದು ಬಹು ಅಪಾಯಕರ. ಚಿಕಿತ್ಸೆ ತಪ್ಪಿದರೆ ಪ್ರಾಣವೇ ಹೋಗಬಹುದು. ಮನೋವೈದ್ಯರು ಮಿದುಳಿನ ಕೆರಳಿಕೆಯನ್ನು ಶಮನಗೊಳಿಸುವ ಔಷಧವನ್ನು ಅಳತೆಯರಿತು ಕೊಡಿಸಿ ದಿನೇ ದಿನೇ ಇಳಿಸುತ್ತಾರೆ. ಬಿ-1 ಜೀವಸತ್ವದ ಇಂಜೆಕ್ಷನ್ ಕೊಡಿಸುತ್ತಾರೆ. ತಲೆಗೆ ಬಿದ್ದ ಪೆಟ್ಟು, ಸೋಂಕು ಇವೂ ಇಂತಹುದೇ ಭ್ರಾಂತಿಯನ್ನು ತರುವುದರಿಂದ ವಾರ್ಡಿನ ವೈದ್ಯರು ಅವುಗಳನ್ನು ಪರೀಕ್ಷಿಸಲೇಬೇಕು. ಮರುಕಪಟ್ಟು ವಾರ್ಡಿಗೆ ಕದ್ದು ಬಾಟಲಿ ತರುವ ಬಂಧುಗಳೂ ಇದ್ದಾರೆ. ಆ ಔಷಧದ ಮೇಲೆ ಮದ್ಯ ಸೇರಿದರೆ ಉಸಿರಾಟವೇ ಕುಗ್ಗೀತು.

ಆದುದರಿಂದ ಸೋದರಿಯರೇ, ಪತಿಯು ದಿನಕ್ಕೆ ಎಷ್ಟು ಕುಡಿಯುವರು, ಕೊನೆಯ ಬಾರಿ ಕುಡಿದುದು ಯಾವಾಗ ಎಂಬುದನ್ನು ಆಸ್ಪತ್ರೆಗೆ ಸೇರಿಸುವ ದಿನವೇ ತಿಳಿಸಿರಿ. ಅತ್ತೆಮಾವಂದಿರ ಎದುರಿನಲ್ಲಿ ಹೇಳಲಾಗದಿದ್ದರೆ ನರ್ಸಮ್ಮನವರಿಗೆ ಏಕಾಂತದಲ್ಲಿ ಹೇಳಬಹುದು. ಪತಿಯೇ ಬಾಯಿಬಿಟ್ಟು ಹೇಳಿದರೆ ನಮ್ಮ ಕೆಲಸ ಅರ್ಧ ಹಗುರ.

ಪತಿಯಂದಿರಿಗೂ ಒಂದು ಮಾತು. ಹೆರಿಗೆಯಾದ ಕೆಲವೇ ದಿನಗಳಲ್ಲಿ ಬಾಣಂತಿಯು ನಿದ್ರೆಯಿಲ್ಲದೆ, ಅಸಂಬದ್ಧವಾಗಿ ಮಾತನಾಡುತ್ತ, ಕೂಸನ್ನು ದೂರ ತಳ್ಳುತ್ತಿದ್ದರೆ ಬಾಣಂತಿಸನ್ನಿಯೆಂದು ಮನೆಮದ್ದಿನಲ್ಲಿ ಕಾಲ ಕಳೆಯಬೇಡಿರಿ. ತಾಯಿ, ಮಗು ಇಬ್ಬರಿಗೂ ಅಪಾಯವುಂಟು. ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆತನ್ನಿರಿ. ಹೆರಿಗೆಯ ವೈದ್ಯರೂ ಮನೋವೈದ್ಯರೂ ಕೂಡಿಯೇ ನೋಡುತ್ತಾರೆ. ಮನೆಗೆ ಮರಳಿದ ಬಳಿಕ ಸಲಹೆ ಬೇಕೆನಿಸಿದರೆ 14416 ಸಂಖ್ಯೆಗೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.